ಅದ್ಭುತಕಥೆಗಳ ಹೆಸರುಗಳು: ವಿಜಯಪುರದ ದಖನಿ ಕಾವ್ಯಗಳನ್ನು ಕುರಿತೊಂದು ವಿಚಾರ

೧

ಇತಿಹಾಸದಲ್ಲಿ ಆಗಿಹೋದ ಪುರುಷನ ಹೆಸರನ್ನು ನಾವು ತಪ್ಪಾಗಿ ಉಚ್ಚರಿಸಿದರೆ ಅದನ್ನು ತಿದ್ದುವುದಕ್ಕೆ ಶಾಸನವುಂಟು, ನಾಣ್ಯವುಂಟು, ವಂಶಾವಳಿಯುಂಟು. ಕಥೆಯಲ್ಲಿ ಮಾತ್ರ ಬದುಕಿದವರ ಸಂಗತಿಯು ಹಾಗಲ್ಲ. ಏಳು ಕಡಲಿನಾಚೆಯ ರಾಜಕುಮಾರಿಗೆ, ಹಕ್ಕಿಯಾಗಿ ಮಾರ್ಪಟ್ಟ ಚೆಲುವೆಗೆ, ಬೆಟ್ಟದ ಗವಿಯಲ್ಲಿರುವ ರಕ್ಕಸನಿಗೆ ತಮ್ಮ ಹೆಸರಿನ ಹೊರತಾಗಿ ಬೇರೊಂದು ದಾಖಲೆಯೇ ಇಲ್ಲ. ಆ ಹೆಸರಿನ ಧ್ವನಿಯು ಕೆಟ್ಟರೆ ವ್ಯಕ್ತಿಯ ಚಹರೆಯೇ ಕೆಟ್ಟಂತೆ. ಅದರ ಅರ್ಥವು ಮರೆಯಾದರೆ ಕವಿಯು ಇಟ್ಟ ಸೂಚನೆಯೇ ಮರೆಯಾದಂತೆ. ಹೀಗಿರಲು, ಒಂದು ಭಾಷೆಯ ಅದ್ಭುತಕಥೆಯನ್ನು ಮತ್ತೊಂದು ಭಾಷೆಗೆ ತರುವವನು ಅದರೊಳಗಿನ ಹೆಸರುಗಳನ್ನು ಏನು ಮಾಡಬೇಕು? ಧ್ವನಿಯನ್ನು ಉಳಿಸಿಕೊಳ್ಳಬೇಕೋ, ಅರ್ಥವನ್ನು ಉಳಿಸಿಕೊಳ್ಳಬೇಕೋ, ಇಲ್ಲವೆ ಎರಡನ್ನೂ ಬಿಟ್ಟು ತನ್ನ ನಾಡಿನ ಹೆಸರೊಂದನ್ನು ಇಡಬೇಕೋ?

ನಮ್ಮ ಮನೆಗಳಲ್ಲಿ ಇಂದು ಬಾಲಕಬಾಲಕಿಯರು ಇಂಗ್ಲಿಷಿನ ಅದ್ಭುತಕಾದಂಬರಿಗಳನ್ನು ಓದುತ್ತ, ಒಂದೇ ಹೆಸರನ್ನು ಅಣ್ಣನೊಂದು ಬಗೆಯಾಗಿ ತಂಗಿಯೊಂದು ಬಗೆಯಾಗಿ ಉಚ್ಚರಿಸಿ ವಾದಿಸುವುದು ಅಪರೂಪವಲ್ಲ. ಆದರೆ ಈ ವಾದವು ಇಂಗ್ಲಿಷು ಪುಸ್ತಕಗಳ ಜೊತೆಗೆ ಬಂದುದಲ್ಲ. ನಮ್ಮ ವಿಜಯಪುರವು ನಾಲ್ಕು ಶತಮಾನಗಳ ಹಿಂದೆ ಇಂಥ ಕಥೆಗಳ ದೊಡ್ಡ ಪೇಟೆಯಾಗಿತ್ತು. ಅಲ್ಲಿ ಸಂಸ್ಕೃತದ ಹೆಸರುಗಳು ಫಾರಸಿ ಲಿಪಿಯನ್ನುಟ್ಟು, ದಖನಿ ನಾಲಗೆಯ ಮೇಲೆ ನಲಿದು, ಕನ್ನಡ ಮರಾಠಿಗಳನ್ನಾಡುವ ಜನರ ಕಿವಿಯನ್ನು ಹೊಕ್ಕುವು. ಆ ಕಾವ್ಯಗಳನ್ನು ಕನ್ನಡಕ್ಕೆ ತಂದುಕೊಳ್ಳುವ ಕಾಲವು ಈಗ ಒದಗಿರುವುದರಿಂದ, ಹೆಸರುಗಳ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದು ಅವಶ್ಯವೆಂದು ತೋರುವುದು.

ಉಚ್ಚಾರವು ಕಥೆಯ ಗತಿಯನ್ನೇ ತಿರುಗಿಸಬಲ್ಲದೆಂಬುದು ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವಲ್ಲ. ತೈತ್ತಿರೀಯ ಸಂಹಿತೆಯಲ್ಲಿರುವ ವೃತ್ರಜನನದ ಕಥೆಯನ್ನು ವೈಯಾಕರಣರು ಉದಾಹರಿಸುತ್ತ ಬಂದಿರುವರು. ತ್ವಷ್ಟೃವು ಇಂದ್ರನನ್ನು ಕೊಲ್ಲತಕ್ಕವನೊಬ್ಬನನ್ನು ಬಯಸಿ, ಅವನನ್ನು ‘ಇಂದ್ರಶತ್ರು’ ಎಂದು ಕರೆದು ಆಹುತಿಯನ್ನು ಕೊಟ್ಟನು. ಆ ಪದದ ಕೊನೆಯಲ್ಲಿ ಉದಾತ್ತಸ್ವರವಿದ್ದರೆ ಇಂದ್ರನನ್ನು ಕೊಲ್ಲುವವನು ಎಂದರ್ಥ. ಮೊದಲಲ್ಲಿದ್ದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂದರ್ಥ. ಸ್ವರವು ತಪ್ಪಿತು, ಹುಟ್ಟಿದ ವೃತ್ರನು ಇಂದ್ರನಿಂದಲೇ ಹತನಾದನು. ಅಕ್ಷರವೊಂದೂ ಬದಲಾಗಲಿಲ್ಲ, ಸ್ವರವು ಬದಲಾದ ಮಾತ್ರಕ್ಕೆ ಹೆಸರಿನೊಳಗಿನ ಭವಿತವ್ಯವು ತಲೆಕೆಳಗಾಯಿತು.

೨

ಕನ್ನಡವು ಹೊರಗಿನ ಹೆಸರುಗಳನ್ನು ಬರಮಾಡಿಕೊಂಡ ದಾರಿಗಳು ಮೊದಲಿನಿಂದಲೂ ಎರಡು. ಒಂದು ತದ್ಭವದ ದಾರಿ. ಯಕ್ಷನು ಜಕ್ಕನಾದನು, ರಾಕ್ಷಸನು ರಕ್ಕಸನಾದನು, ಯಮನು ಜವನಾದನು, ವೇತಾಳನು ಬೇತಾಳನಾದನು, ವಿದ್ಯಾಧರನು ಬಿಜ್ಜೋದರನಾದನು, ಅಪ್ಸರೆಯು ಅಚ್ಚರಸಿಯಾದಳು. ೧೩ನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಇಂಥ ಮಾರ್ಪಾಡುಗಳಿಗೆ ನಿಯಮಗಳನ್ನು ಕಟ್ಟಿಕೊಟ್ಟನು. ಆದುದರಿಂದ ಇವು ಅಜ್ಞಾನದಿಂದಾದ ತಪ್ಪುಗಳೆಂದು ಎಣಿಸಲಾಗದು. ಕನ್ನಡದ ಬಾಯಿಯು ತನ್ನ ಜಾಯಮಾನಕ್ಕೆ ತಕ್ಕಂತೆ ಮಾಡಿಕೊಂಡ ಒಡಂಬಡಿಕೆಗಳಿವು. ಎರಡನೆಯದು ತತ್ಸಮದ ದಾರಿ. ನಾಗವರ್ಮನು ಬಾಣನ ಕಾದಂಬರಿಯನ್ನು ಕನ್ನಡಿಸುವಾಗ ಚಂದ್ರಾಪೀಡ, ಪುಂಡರೀಕ, ಮಹಾಶ್ವೇತೆ ಎಂಬ ಹೆಸರುಗಳನ್ನು ಹಾಗೆಯೇ ಇರಗೊಟ್ಟನು.

ಈ ಎರಡು ದಾರಿಗಳೊಳಗಿನ ವ್ಯತ್ಯಾಸವು ಗಮನಿಸತಕ್ಕುದು. ಜನರು ದಿನವೂ ನೆನೆಯುವ, ಹೆದರುವ, ಹರಸಿಕೊಳ್ಳುವ ಜಕ್ಕ ರಕ್ಕಸ ಬೇತಾಳರ ಹೆಸರುಗಳು ಬಾಯಿಯ ಬಳಕೆಯಿಂದ ಸವೆದು ನುಣುಪಾದುವು. ಗ್ರಂಥದಲ್ಲಿ ಮಾತ್ರ ವಾಸಿಸುವ ನಾಯಕನಾಯಕಿಯರ ಹೆಸರುಗಳು ಗ್ರಂಥದ ರೂಪವನ್ನೇ ಉಳಿಸಿಕೊಂಡುವು. ಅಂದರೆ ಕಿವಿಯಿಂದ ಕಿವಿಗೆ ಹೋದ ಹೆಸರು ಬದಲಾಗುವುದು. ಓಲೆಯಿಂದ ಓಲೆಗೆ ಹೋದ ಹೆಸರು ನಿಲ್ಲುವುದು.

ಓಲೆಯಿಂದ ಓಲೆಗೆ ಹೋಗುವಾಗಲೂ ಲಿಪಿಯು ಬದಲಾದರೆ ಏನಾಗುವುದೆಂಬುದಕ್ಕೆ ಪಂಚತಂತ್ರದ ಚರಿತ್ರೆಯು ಜಗತ್ಪ್ರಸಿದ್ಧವಾದ ನಿದರ್ಶನವಾಗಿರುವುದು. ಚಾಳುಕ್ಯ ಜಯಸಿಂಹ ಜಗದೇಕಮಲ್ಲನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಕ್ರಿ. ಶ. ೧೦೩೧ರಲ್ಲಿ ವಸುಭಾಗಭಟ್ಟನ ಸಂಪ್ರದಾಯವನ್ನನುಸರಿಸಿ ಕನ್ನಡ ಪಂಚತಂತ್ರವನ್ನು ರಚಿಸಿದನು. ಅವನು ಕಿಸುಕಾಡುನಾಡಿನ ಸಯ್ಯಡಿಯವನು. ಎಂದರೆ ಪಟ್ಟದಕಲ್ಲಿನ ಸೀಮೆಯವನು. ಅವನ ಕೃತಿಯಲ್ಲಿ ಸಿಂಹವು ಪಿಂಗಳಕನೇ, ಎತ್ತು ಸಂಜೀವಕನೇ, ನರಿಗಳು ಕರಟಕ ದಮನಕರೇ ಆಗಿ ಉಳಿದುವು. ಇದೇ ನರಿಗಳು ಪಶ್ಚಿಮಕ್ಕೆ ಹೊರಟಾಗ ಬೇರೆ ವಿಧಿಯನ್ನು ಕಂಡುವು. ೬ನೆಯ ಶತಮಾನದಲ್ಲಿ ಇರಾನಿನ ವೈದ್ಯನಾದ ಬುರ್ಜೋಯನು ಕಥೆಗಳನ್ನು ಪಹ್ಲವಿ ಭಾಷೆಗೆ ಒಯ್ದನು. ಅದರಿಂದ ಸಿರಿಯಾಕ್ ಭಾಷೆಯಲ್ಲಿ ‘ಕಲಿಲಗ್ ದಮ್ನಗ್’ ಎಂದೂ, ೮ನೆಯ ಶತಮಾನದಲ್ಲಿ ಇಬ್ನ್ ಅಲ್‌ಮುಕಫ್ಫನ ಅರಬ್ಬಿಯಲ್ಲಿ ‘ಕಲೀಲ ದಿಮ್ನ’ ಎಂದೂ ಆಯಿತು. ದಮನಕನೆಂದರೆ ಅಡಗಿಸುವವನು, ಹತೋಟಿಗೆ ತರುವವನು ಎಂಬ ಅರ್ಥವು ದಿಮ್ನದಲ್ಲಿ ಉಳಿಯಲಿಲ್ಲ. ಧ್ವನಿಯ ನೆರಳೊಂದು ಮಾತ್ರ ಉಳಿಯಿತು.

ಮುಂದಿನ ಸಂಗತಿಯು ಇನ್ನೂ ವಿಚಿತ್ರವಾದುದು. ೧೧ನೆಯ ಶತಮಾನದ ಉತ್ತರಾರ್ಧದಲ್ಲಿ ಕಾನ್‌ಸ್ಟಾಂಟಿನೋಪಲಿನ ಸಿಮಿಯೋನ್ ಸೇಥ್ ಎಂಬವನು ಅರಬ್ಬಿಯಿಂದ ಗ್ರೀಕಿಗೆ ಅನುವಾದಿಸಿದಾಗ ಹೆಸರುಗಳನ್ನು ಅರ್ಥಾನುಸಾರವಾಗಿ ತಿರುಗಿಸಬಯಸಿದನು. ಕಲೀಲದಲ್ಲಿ ಅವನ ಕಿವಿಗೆ ಕಿರೀಟವೆಂಬರ್ಥದ ‘ಇಕ್ಲೀಲ್’ ಎಂಬ ಅರಬ್ಬಿ ಶಬ್ದವು ಕೇಳಿಸಿತು. ದಿಮ್ನದಲ್ಲಿ ಬಿಟ್ಟುಹೋದ ಬೀಡಿನ ಗುರುತೆಂಬ ಅರ್ಥವು ಕೇಳಿಸಿತು. ಆದುದರಿಂದ ನರಿಗಳು ‘ಸ್ಟೆಫನಿಟೀಸ್’, ‘ಇಕ್ನಿಲಾಟೀಸ್’ ಎಂದು, ಅಂದರೆ ಕಿರೀಟಧಾರಿ ಮತ್ತು ಹೆಜ್ಜೆಯ ಜಾಡನ್ನು ಹಿಡಿಯುವವನು ಎಂದು ಆಗಿಬಿಟ್ಟುವು. ಒಂದೇ ಶತಮಾನದಲ್ಲಿ ಕನ್ನಡನಾಡಿನವನು ಹೆಸರನ್ನು ಮುಟ್ಟದೆ ಉಳಿಸಿದನು. ಗ್ರೀಕನು ಇಲ್ಲದ ಅರ್ಥವೊಂದನ್ನು ನಿಷ್ಠೆಯಿಂದ ಅನುವಾದಿಸಿದನು. ಅನುವಾದಕನಲ್ಲಿ ಪಾಂಡಿತ್ಯಕ್ಕೆ ಕೊರತೆಯಿರಲಿಲ್ಲ. ಹೆಸರು ಯಾವ ಭಾಷೆಯದೆಂಬುದನ್ನು ಅವನು ವಿಚಾರಿಸಲಿಲ್ಲವೆಂಬುದೇ ದೋಷ.

೩

ಇನ್ನು ವಿಜಯಪುರದ ಸಂಗತಿಗೆ ಬರೋಣ. ಈ ನಗರದ ಹೆಸರೇ ನಮ್ಮ ವಿಷಯಕ್ಕೆ ಮೊದಲನೆಯ ಪಾಠವಾಗಿರುವುದು. ವಿಜಯಪುರವು ಜನರ ಬಾಯಲ್ಲಿ ವಕಾರವನ್ನು ಬಕಾರವಾಗಿಸಿಕೊಂಡು, ಯಕಾರವನ್ನು ನುಂಗಿಕೊಂಡು ಬಿಜಾಪುರವಾಯಿತು. ಆದಿಲಶಾಹಿಯ ಕಾಲದಲ್ಲಿ ವಿದ್ಯಾಪುರವೆಂದೂ ಕರೆಯಿಸಿಕೊಂಡಿತು. ೨೦೧೪ರ ನವೆಂಬರದಿಂದ ಸರಕಾರದ ಕಾಗದಪತ್ರಗಳಲ್ಲಿ ಮರಳಿ ವಿಜಯಪುರವಾಯಿತು. ಊರೊಂದಕ್ಕೆ ಇಷ್ಟು ಹೆಸರುಗಳಿದ್ದರೂ ಊರು ಒಂದೇ ಎಂಬುದನ್ನು ನಾವು ಬಲ್ಲೆವು. ಏಕೆಂದರೆ ಗೋಳಗುಮ್ಮಟವು ಕಣ್ಣಿಗೆ ಕಾಣುತ್ತಿರುವುದು. ಕಥೆಯ ಊರಿಗೆ ಗುಮ್ಮಟವಿಲ್ಲ.

ಎರಡನೆಯ ಇಬ್ರಾಹಿಮ ಆದಿಲಶಾಹನು (೧೫೮೦–೧೬೨೭) ಹೆಸರುಗಳ ರಸಿಕನು. ಅವನಿಗೆ ಪ್ರಿಯವಾದ ಶಬ್ದವು ‘ನವರಸ’. ಸಂಸ್ಕೃತವನ್ನು ಬಲ್ಲವನಿಗೆ ಅದು ಕಾವ್ಯದ ಒಂಬತ್ತು ರಸಗಳು. ಫಾರಸಿಯನ್ನು ಬಲ್ಲವನಿಗೆ ‘ನೌರಸ್’, ಅಂದರೆ ಹೊಸದಾಗಿ ಬಂದುದು, ಈಗತಾನೆ ಪಕ್ವವಾದುದು. ಬರೆಯುವ ಅಕ್ಷರಗಳು ಒಂದೇ, ಕೇಳುವ ಅರ್ಥಗಳು ಎರಡು. ಈ ಹೆಸರನ್ನೇ ಅವನು ತನ್ನ ಹಾಡುಗಳ ಗ್ರಂಥಕ್ಕೆ ‘ಕಿತಾಬೆ ನವರಸ’ವೆಂದಿಟ್ಟನು, ೧೫೯೯ರಲ್ಲಿ ಕಟ್ಟತೊಡಗಿದ ಹೊಸ ಪಟ್ಟಣಕ್ಕೆ ನವರಸಪುರವೆಂದಿಟ್ಟನು. ಆ ಗ್ರಂಥದಲ್ಲಿ ಸರಸ್ವತಿಯೂ ಗಣಪತಿಯೂ ಕಲಬುರ್ಗಿಯ ಬಂದೇನವಾಜರೂ ಒಟ್ಟಿಗೆ ಸ್ತುತರಾಗಿರುವರು. ಸರಸ್ವತಿಯು ಅಲ್ಲಿ ‘ಸರಸುತಿ’ ಆಗಿರುವಳು. ನಮ್ಮ ಹಳ್ಳಿಗಳ ಹಾಡುಗಳಲ್ಲಿ ‘ಸರಸತಿ’ಯನ್ನು ಕೇಳಿದವರಿಗೆ ಈ ಉಚ್ಚಾರವು ಪರಕೀಯವೆನಿಸಲಾರದು.

ನವರಸಪುರದ ಅವಶೇಷಗಳಿರುವುದು ತೊರವಿಯಲ್ಲಿ. ನಿಡೋಣಿ, ಬಬಲೇಶ್ವರ, ತಿಕೋಟಾಗಳ ವಾಚಕರಿಗೆ ತೊರವಿಯನ್ನು ಪರಿಚಯಿಸಬೇಕಾಗಿಲ್ಲ. ಅದಕ್ಕೆ ಸುಮಾರು ಒಂದು ಶತಮಾನದ ಮುಂಚೆ ಅದೇ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರವಾಲ್ಮೀಕಿಯು ಭಾಮಿನೀಷಟ್ಪದಿಯಲ್ಲಿ ರಾಮಾಯಣವನ್ನು ಕನ್ನಡಿಸಿದನು. ಬಬಲೇಶ್ವರದ ಸೀಮೆಯ ಕಾಖಂಡಕಿಯ ಮಹಿಪತಿದಾಸರು ೧೭ನೆಯ ಶತಮಾನದಲ್ಲಿ ಆದಿಲಶಾಹಿ ದರಬಾರಿನ ಸೇವೆಯಲ್ಲಿದ್ದು, ತರುವಾಯ ವಿರಕ್ತರಾಗಿ ಕನ್ನಡದಲ್ಲಿಯೂ ಮರಾಠಿ ಹಿಂದುಸ್ತಾನಿಗಳಲ್ಲಿಯೂ ಹಾಡಿದರು. ಇಂಥ ಪರಿಸರದಲ್ಲಿ ಒಂದು ಹೆಸರನ್ನು ಎರಡು ಕಿವಿಗಳಿಂದ ಕೇಳುವುದು ಪಂಡಿತರ ಚಮತ್ಕಾರವಾಗಿರದೆ ದಿನದ ಬಾಳಿನ ಅಭ್ಯಾಸವಾಗಿದ್ದಿತೆಂದು ಹೇಳಬಹುದು.

ದಖನಿಯ ಕಥಾಕಾವ್ಯಗಳು ಹುಟ್ಟಿದುದು ಈ ಪರಿಸರದಲ್ಲಿಯೇ. ಇಬ್ರಾಹಿಮನ ಕಾಲದಲ್ಲಿ, ೧೫೯೦ರ ಸುಮಾರಿಗೆ, ಹಸನ ಮಂಜು ಖಲಜಿಯೆಂಬ ಕವಿಯು ‘ಪೇಮ ನೇಮ’ವನ್ನು ಬರೆದನು. ಅದರ ಸಚಿತ್ರವಾದ ಹಸ್ತಪ್ರತಿಯು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದ್ದು, ಅದರಲ್ಲಿ ೩೪ ಚಿತ್ರಗಳಿರುವುವು. ಪೇಮವೆಂದರೆ ಪ್ರೇಮ, ನೇಮವೆಂದರೆ ನಿಯಮ. ಈ ನೇಮವು ಕನ್ನಡದ ಮನೆಮನೆಯ ಮಾತೂ ಹೌದು. ಆ ಕಾವ್ಯದ ನಾಯಕನು ಶಾಹಜಿ, ನಾಯಿಕೆಯು ಮಾಹಜಿ: ಒಬ್ಬನು ಅರಸು, ಒಬ್ಬಳು ಚಂದ್ರ. ಅವಳ ನಾಡು ‘ಸಂಗಲದೀಪ’. ಅದು ನಮ್ಮ ಕಥೆಗಳ ಸಿಂಹಳದ್ವೀಪವೇ. ಫಾರಸಿ ಹೆಸರಿನ ರಾಜಕುಮಾರಿಯು ಸಂಸ್ಕೃತ ಹೆಸರಿನ ದ್ವೀಪದಲ್ಲಿ ವಾಸಿಸುವುದು ಕವಿಗೂ ಅವನ ಕೇಳುಗರಿಗೂ ಸಹಜವಾಗಿ ಕಂಡಿತು.

೪

ಲಿಪಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಫಾರಸಿ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಳೆಯ ದಖನಿ ಪ್ರತಿಗಳಲ್ಲಿ ಮಹಾಪ್ರಾಣಗಳನ್ನು ಗುರುತಿಸುವ ಪದ್ಧತಿಯೂ, ಟ ಡಗಳನ್ನು ತ ದಗಳಿಂದ ಬೇರ್ಪಡಿಸುವ ಪದ್ಧತಿಯೂ ಒಂದೇ ತೆರನಾಗಿರಲಿಲ್ಲ. ಕಕಾರ ಗಕಾರಗಳಿಗೂ ಹಲವು ಸಲ ಒಂದೇ ಅಕ್ಷರವು ಬಳಕೆಯಾಗುತ್ತಿತ್ತು. ಆದುದರಿಂದ ‘ಚಂದರ್’ ಎಂದು ಬರೆದುದನ್ನು ಮೊದಲೇ ಹೆಸರನ್ನು ಅರಿಯದವನು ‘ಚಿಂದರ್’ ಎಂದೂ ‘ಚುಂದರ್’ ಎಂದೂ ಓದಬಹುದು. ತಿಳಿದವನಿಗೆ ಮಾತ್ರ ತಿಳಿಯುವ ಬರಹವದು. ಇದು ಆ ಲಿಪಿಯೊಂದರದೇ ದೋಷವೆಂದು ಭಾವಿಸಬಾರದು. ನಮ್ಮ ನಿಡೋಣಿಯನ್ನು ಇಂಗ್ಲಿಷು ಅಕ್ಷರಗಳಲ್ಲಿ ಬರೆದು ಪರವೂರಿನವನ ಕೈಗೆ ಕೊಟ್ಟರೆ ಅವನು ‘ನಿದೋನಿ’ ಎಂದು ಓದಿದರೆ ಆಶ್ಚರ್ಯವಿಲ್ಲ. ಆಗ ನಿಡಿದಾದ ಓಣಿಯೆಂದು ಕನ್ನಡದ ಕಿವಿಗೆ ಕೇಳಿಸುವ ನಾದವೇ ಹೋಗಿಬಿಡುವುದು. ಯಾವ ಲಿಪಿಯಾದರೂ ತನ್ನ ಮನೆಯವರಿಗೆ ಪೂರ್ಣ, ಹೊರಗಿನವರಿಗೆ ಅಪೂರ್ಣ.

ವಿಜಯಪುರದಲ್ಲಿ ಈ ಅಪೂರ್ಣತೆಯು ಗಂಭೀರವಾದ ಪ್ರಶ್ನೆಯಾಗಿದ್ದ ಗ್ರಂಥವೊಂದುಂಟು. ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, ೧೫೭೦ರಲ್ಲಿ ಸಿದ್ಧವಾದ ‘ನುಜೂಮ್ ಉಲ್ ಉಲೂಮ್’ ಎಂಬ ಸಚಿತ್ರ ಫಾರಸಿ ಗ್ರಂಥವು ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವುದು. ಜ್ಯೋತಿಷ, ಆಯುಧ, ಆನೆ ಕುದುರೆಗಳ ವಿಚಾರದೊಡನೆ ೧೪೦ ‘ರೂಹಾನಿ’ಗಳ ವರ್ಣನೆಯೂ ಅದರಲ್ಲಿರುವುದು. ಇವರು ನಮ್ಮ ಯೋಗಿನಿಯರನ್ನು ಹೋಲುವ ಸ್ತ್ರೀಶಕ್ತಿಗಳು. ಅವರ ಭಾರತೀಯ ಹೆಸರುಗಳನ್ನು ಫಾರಸಿ ಲಿಪಿಯಲ್ಲಿ ಹಿಡಿದಿಡಲಾಗಿದೆ. ಮಂತ್ರಶಾಸ್ತ್ರದ ನಂಬಿಕೆಯಂತೆ ಶಕ್ತಿಯನ್ನು ಕರೆಯುವುದು ಹೆಸರಿನಿಂದ; ಹೆಸರು ತಪ್ಪಿದರೆ ಕರೆಯು ವ್ಯರ್ಥ. ಆ ಪುಟಗಳನ್ನು ಓದುತ್ತಿದ್ದವನು ಹ್ರಸ್ವಸ್ವರವಿಲ್ಲದ ಆ ಹೆಸರುಗಳನ್ನು ಬಲ್ಲ ಗುರುವಿನ ಬಾಯಿಂದ ಕೇಳಿಕೊಳ್ಳದೆ ಮುಂದುವರಿಯುವಂತಿರಲಿಲ್ಲ. ಗ್ರಂಥವು ಎಷ್ಟು ಬೆಲೆಯುಳ್ಳದ್ದಾದರೂ ಬಾಯಿಯ ಸಹಾಯವಿಲ್ಲದೆ ಹೆಸರು ಜೀವಿಸಲಾರದು.

ಕಾವ್ಯಗಳಲ್ಲಿ ಉಚ್ಚಾರವನ್ನು ಕಂಡುಹಿಡಿಯುವುದಕ್ಕೆ ಮತ್ತೊಂದು ಸಾಧನವುಂಟು, ಅದು ಛಂದಸ್ಸು. ಎರಡನೆಯ ಅಲಿ ಆದಿಲಶಾಹನ ಆಸ್ಥಾನಕವಿಯಾದ ನುಸ್ರತಿಯು ೧೬೫೭ರಲ್ಲಿ ‘ಗುಲಶನೆ ಇಶ್ಕ್’, ಅಂದರೆ ಪ್ರೇಮದ ಹೂದೋಟವೆಂಬ ಮಸ್ನವಿಯನ್ನು ರಚಿಸಿದನು. ಉತ್ತರದಲ್ಲಿ ಮಂಝನನು ೧೫೪೫ರಲ್ಲಿ ಹಿಂದವಿಯಲ್ಲಿ ಹಾಡಿದ ಮನೋಹರ ಮಧುಮಾಲತಿಯರ ಕಥೆಯೇ ಇದರ ವಸ್ತು. ಅಪ್ಸರೆಯರು ನಿದ್ರಿಸುವ ರಾಜಕುಮಾರನನ್ನು ರಾಜಕುಮಾರಿಯ ಮಂಚದ ಬಳಿಗೆ ಹೊತ್ತೊಯ್ಯುವುದು, ನಾಯಕನು ರಕ್ಕಸನಿಂದ ಚಂಪಾವತಿಯನ್ನು ಬಿಡಿಸುವುದು, ತಾಯಿಯ ಮಂತ್ರದಿಂದ ನಾಯಿಕೆಯು ಹಕ್ಕಿಯಾಗುವುದು ಮುಂತಾದ ಅದ್ಭುತಗಳು ಇದರಲ್ಲಿ ತುಂಬಿರುವುವು. ೧೭೪೩ರಲ್ಲಿ ಬರೆದ ಇದರ ಸುಂದರವಾದ ಸಚಿತ್ರ ಪ್ರತಿಯೊಂದು ಅಮೆರಿಕದ ಫಿಲಡೆಲ್ಫಿಯಾ ಕಲಾಸಂಗ್ರಹಾಲಯದಲ್ಲಿರುವುದು. ನಾಯಕನ ತಂದೆಯು ವಿಕ್ರಮನಲ್ಲ, ‘ಬಿಕ್ರಮ’. ಅವನಿಗೆ ದಾರಿತೋರಿದ ಫಕೀರನು ‘ರೋಶನ್ ದಿಲ್’, ಬೆಳಗಿದ ಹೃದಯದವನು. ನಾಯಿಕೆಯು ಮಧುಮಾಲತಿಯ ಬದಲಾಗಿ ‘ಮದ್‌ಮಾಲತೀ’.

ಮಧುವು ಮದ್ ಆದುದು ಲೇಖಕನ ಅಜಾಗ್ರತೆಯಿಂದಲ್ಲ. ಮಧು ಎಂಬಲ್ಲಿ ಎರಡು ಲಘುಗಳು; ಮದ್ ಎಂಬಲ್ಲಿ ಒಂದು ಗುರು. ನಮ್ಮ ಷಟ್ಪದಿಯಲ್ಲಿ ಮಾತ್ರೆಗಳನ್ನು ಎಣಿಸುವುದರಿಂದ ಎರಡು ಲಘುಗಳೂ ಒಂದು ಗುರುವೂ ಸಮವೇ. ಫಾರಸಿಯ ಅರೂಝ್ ಪದ್ಧತಿಯಲ್ಲಿ ಗುರು ಲಘುಗಳ ಸ್ಥಾನವು ಸಾಮಾನ್ಯವಾಗಿ ನಿಶ್ಚಿತ. ಅಲ್ಲಿ ಈ ವಿನಿಮಯವು ನಡೆಯದು. ಹೀಗೆ ಮದ್‌ಮಾಲತೀ ಎಂಬುದು ಗುರು, ಗುರು, ಲಘು, ಗುರು ಎಂಬ ತೂಕವನ್ನು ಪಡೆಯಿತು. ಅರ್ಥದಲ್ಲಿಯೂ ಒಂದು ಹೊಸ ಛಾಯೆಯು ಬಂದಿತು: ಮಧುವಿನ ಮಾಲತಿಯು ಮದದ ಮಾಲತಿಯೂ ಆದಳು. ಪ್ರೇಮದಿಂದ ಮೈಮರೆಯುವ ಕಥೆಗೆ ಆ ಛಾಯೆಯು ಒಪ್ಪದೆ ಇಲ್ಲ. ಹಾಗಾದರೆ ಈ ಕಾವ್ಯವನ್ನು ಕನ್ನಡಿಸುವವನು ಹೆಸರನ್ನು ಮಧುಮಾಲತಿಯೆಂದು ತಿದ್ದಿ ಮುದ್ರಿಸಿದರೆ ಆತನು ಅಚ್ಚಿನ ತಪ್ಪನ್ನು ತಿದ್ದಿದಂತಾಗುವುದೇ, ಇಲ್ಲವೆ ಕವಿಯ ಉಚ್ಚಾರವನ್ನು ಅಳಿಸಿದಂತಾಗುವುದೇ?

೫

ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ಮುಕೀಮಿಯ ‘ಚಂದರ್ ಬದನ್ ವ ಮಹಯಾರ್’ ಎಂಬ ಮಸ್ನವಿಯಲ್ಲಿ. ೧೭ನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜಯಪುರದಲ್ಲಿ ರಚಿತವಾದ ಈ ಕಾವ್ಯದ ಕಥೆಯು ಚಿಕ್ಕದು. ಮಹಯಾರನು ಮುಸಲ್ಮಾನ ವರ್ತಕನ ಮಗನು. ಚಂದರ್ ಬದನಳು ಹಿಂದೂ ಅರಸನ ಮಗಳು. ಜಾತ್ರೆಯಲ್ಲಿ ಅವಳನ್ನು ಕಂಡು ಅವನು ಮರುಳಾಗುವನು. ಅವಳು ಅವನನ್ನು ತಿರಸ್ಕರಿಸುವಳು. ಅವನು ಕೊರಗಿ ಪ್ರಾಣಬಿಡುವನು. ಅವನ ಶವದ ಮೆರವಣಿಗೆಯು ಅರಮನೆಯ ಮುಂದೆ ಬಂದಾಗ ಎಷ್ಟು ಜನರೆಳೆದರೂ ಮುಂದಕ್ಕೆ ಸಾಗದು. ಕಡೆಗೆ ರಾಜಕುಮಾರಿಯು ಮಿಂದು, ಅವನ ಮತವನ್ನು ಸ್ವೀಕರಿಸಿ, ತಾನೂ ಪ್ರಾಣಬಿಡುವಳು. ಗೋರಿಯ ಬಳಿಯಲ್ಲಿ ನೋಡಿದರೆ ಒಂದೇ ಹೊದಿಕೆಯಲ್ಲಿ ಇಬ್ಬರೂ ಅಗಲಿಸಬಾರದಂತೆ ಸೇರಿಕೊಂಡಿರುವರು. ಹಾಗೆಯೇ ಅವರನ್ನು ಒಂದೆಡೆ ಮಣ್ಣುಮಾಡುವರು.

ಈಗ ಹೆಸರುಗಳನ್ನು ಬಿಡಿಸಿ ನೋಡೋಣ. ಚಂದರ್ ಬದನ್ ಎಂಬುದು ಸಂಸ್ಕೃತದ ಚಂದ್ರವದನೆ; ಚಂದ್ರನಂಥ ಮುಖದವಳು. ವದನವು ಉತ್ತರದ ದೇಶಭಾಷೆಗಳಲ್ಲಿ ಬದನವಾಯಿತು. ಆದರೆ ಅರಬ್ಬಿ ಫಾರಸಿಗಳಲ್ಲಿ ಬದನ್ ಎಂದರೆ ಶರೀರ. ಆದುದರಿಂದ ಒಬ್ಬ ಕೇಳುಗನಿಗೆ ಅವಳು ಚಂದ್ರಮುಖಿ. ಪಕ್ಕದಲ್ಲಿ ಕುಳಿತ ಮತ್ತೊಬ್ಬನಿಗೆ ಅವಳ ಮೈಯೆಲ್ಲವೂ ಬೆಳದಿಂಗಳು. ತೂಕದಲ್ಲಿ ಈ ಹೆಸರೂ ಮದ್‌ಮಾಲತಿಯಂತೆಯೇ ಗುರು, ಗುರು, ಲಘು, ಗುರು. ಚಂದ್ರವು ಚಂದರ್ ಆಗಿರುವುದರ ಕಾರಣವನ್ನು ಇದೇ ತೋರಿಸುವುದು. ಇನ್ನು ಮಹಯಾರ್. ಮಹ್ ಎಂಬುದು ಫಾರಸಿಯಲ್ಲಿ ಚಂದ್ರವಾಚಕವಾದ ಮಾಹ್ ಶಬ್ದದ ಹ್ರಸ್ವರೂಪ. ಯಾರ್ ಎಂದರೆ ಗೆಳೆಯ. ಫಾರಸಿಯನ್ನು ಬಲ್ಲ ಕಿವಿಗೆ ಅವನು ಚಂದ್ರನ ಗೆಳೆಯನು.

ಅವಳಲ್ಲಿ ಚಂದ್ರನುಂಟು, ಅವನಲ್ಲಿಯೂ ಚಂದ್ರನುಂಟು. ಒಂದು ಸಂಸ್ಕೃತದ ಚಂದ್ರ, ಒಂದು ಫಾರಸಿಯ ಚಂದ್ರ. ಕಥೆಯು ಕೊನೆಯಲ್ಲಿ ಒಂದೇ ಹೊದಿಕೆಯಲ್ಲಿ ಸೇರಿಸುವವರನ್ನು ಅವರ ಹೆಸರುಗಳು ಮೊದಲಿನಿಂದಲೇ ಒಂದೇ ಚಂದ್ರನ ಕೆಳಗೆ ಸೇರಿಸಿರುವುವು. ಎರಡೂ ಭಾಷೆಗಳನ್ನು ಬಲ್ಲ ವಿಜಯಪುರದ ಕೇಳುಗನು ಕಾವ್ಯದ ತಲೆಬರಹವನ್ನು ಕೇಳಿದ ಕೂಡಲೇ ಇದನ್ನು ಅರಿತಿರಬೇಕು. ಮತಾಂತರದಿಂದ ಮುಗಿಯುವ ಈ ಕಥೆಯನ್ನು ಇಂದು ಬೇರೆಬೇರೆ ಜನರು ಬೇರೆಬೇರೆಯಾಗಿ ಓದಬಹುದು. ಆದರೆ ಹೆಸರುಗಳಲ್ಲಿ ಕವಿಯು ಇಟ್ಟ ಸಮಾನತೆಯನ್ನು ಯಾರೂ ಅಲ್ಲಗಳೆಯಲಾಗದು.

ಕನ್ನಡದ ಅನುವಾದಕನು ಇಲ್ಲಿ ಎಡವುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಚಂದರ್ ಬದನಳು ‘ನಮ್ಮ’ ಹೆಸರೆಂದು ಅದನ್ನು ಚಂದ್ರವದನೆಯೆಂದು ಸಂಸ್ಕೃತಕ್ಕೆ ಮರಳಿಸುವನು; ಮಹಯಾರನು ‘ಅವರ’ ಹೆಸರೆಂದು ಅರ್ಥವನ್ನು ವಿಚಾರಿಸದೆ ಅಕ್ಷರಗಳನ್ನು ಮಾತ್ರ ಎತ್ತಿಡುವನು. ಓದುಗನಿಗೆ ನಾಯಿಕೆಯ ಹೆಸರು ಅರ್ಥಪೂರ್ಣವಾಗಿಯೂ ನಾಯಕನ ಹೆಸರು ಬರಿಯ ಸದ್ದಾಗಿಯೂ ಕಾಣುವುದು. ಕನ್ನಡದ ಕಿವಿಯು ‘ಯಾರ್’ ಎಂಬಲ್ಲಿ ಗೆಳೆಯನನ್ನು ಕಾಣದೆ ಪ್ರಶ್ನೆಯನ್ನು ಕೇಳಿದರೂ ಕೇಳೀತು. ಪ್ರತಿಯೊಂದು ಅಕ್ಷರವೂ ಸರಿಯಾಗಿದ್ದು, ಕಾವ್ಯದ ಮರ್ಮವು ತಪ್ಪಿಹೋಗುವುದು. ಕವಿಯು ಒಂದು ಮಾಡಿದುದನ್ನು ಅನುವಾದವು ಎರಡು ಮಾಡುವುದು. ಗ್ರೀಕನು ಇಲ್ಲದ ಅರ್ಥವನ್ನು ತುಂಬಿದನು. ಇಲ್ಲಿ ಇದ್ದ ಅರ್ಥವನ್ನು ಅರ್ಧದಷ್ಟು ಮಾತ್ರ ತೋರಿಸಿದಂತಾಗುವುದು. ಇದು ಅದಕ್ಕಿಂತಲೂ ಕೆಟ್ಟದು; ಏಕೆಂದರೆ ಈ ಅರ್ಧವು ಪಕ್ಷಪಾತದಂತೆ ಕೆಲಸಮಾಡುವುದು.

೬

ಹೊಸಗನ್ನಡದ ಅನುವಾದಕರು ಸಾಮಾನ್ಯವಾಗಿ ಮೂರನೆಯ ದಾರಿಯನ್ನು, ಎಂದರೆ ಹೆಸರನ್ನು ಪೂರ್ತಿಯಾಗಿ ಬದಲಿಸುವ ದಾರಿಯನ್ನು ಹಿಡಿದರು. ೧೮೯೫ರಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ‘ಪ್ರತಾಪರುದ್ರದೇವ’ವೆಂದು ಕನ್ನಡಿಸಿದರು. ಕುವೆಂಪುರವರು ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ತಂದಾಗ ಊರು ಬೊಮ್ಮನಹಳ್ಳಿಯಾಯಿತು, ನದಿಯು ತುಂಗೆಯಾಯಿತು, ಕೊಳಲೂದುವ ಪರದೇಶಿಯು ಕಿಂದರಿಜೋಗಿಯಾದನು. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯಲ್ಲಿ ಇಂಗ್ಲೆಂಡಿನ ಆಲಿಸಳು ಪಾಪಚ್ಚಿಯಾದಳು. ಈ ಕೃತಿಗಳಲ್ಲಿ ಹೆಸರಿನ ಬದಲಾವಣೆಯು ಒಪ್ಪುವುದೇಕೆಂದರೆ ಅಲ್ಲಿ ಹೆಸರಿನೊಡನೆ ನೆಲವೂ ನೀರೂ ಬದಲಾಗಿವೆ. ಜೋಗಿಯು ಬಂದಮೇಲೆ ಅವನ ಕೈಯಲ್ಲಿ ಕಿಂದರಿಯೂ ಬಂದಿತು. ಒಂದನ್ನು ತಂದು ಮತ್ತೊಂದನ್ನು ಬಿಟ್ಟಿದ್ದರೆ ಕಥೆಯು ಕುಂಟುತ್ತಿತ್ತು.

ಪಶ್ಚಿಮದಲ್ಲಿ ಈ ವಿಷಯವನ್ನು ಕಟ್ಟುನಿಟ್ಟಾಗಿ ವಿಚಾರಿಸಿದವರು ಇಂಗ್ಲಿಷು ಕಾದಂಬರಿಕಾರರೂ ಭಾಷಾಶಾಸ್ತ್ರಜ್ಞರೂ ಆದ ಜೆ. ಆರ್. ಆರ್. ಟೋಲ್ಕಿನ್. ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (೧೯೫೪–೫೫) ಕಾದಂಬರಿಯ ಡಚ್ ಮತ್ತು ಸ್ವೀಡಿಷ್ ಅನುವಾದಗಳಲ್ಲಿ ಹೆಸರುಗಳಿಗಾದ ಗತಿಯು ಅವರಿಗೆ ಒಪ್ಪಿಗೆಯಾಗಲಿಲ್ಲ. ತರುವಾಯ ಅವರು ಅನುವಾದಕರಿಗಾಗಿ ಹೆಸರುಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಅದು ಅವರು ತೀರಿಕೊಂಡ ಬಳಿಕ ೧೯೭೫ರಲ್ಲಿ ಅಚ್ಚಾಯಿತು. ಅದರ ತತ್ತ್ವವು ಸರಳವಾದುದು: ಕಥೆಯೊಳಗಿನ ಸಾಮಾನ್ಯರ ಆಡುಮಾತಿಗೆ ಸೇರಿದ, ಇಂಗ್ಲಿಷಿನಲ್ಲಿ ಅರ್ಥವು ತಿಳಿಯುವ ಹೆಸರುಗಳನ್ನು ಅರ್ಥಾನುಸಾರವಾಗಿ ತಿರುಗಿಸಬಹುದು, ಕಲ್ಪಿತವಾದ ಬೇರೆ ಭಾಷೆಗಳ ಹೆಸರುಗಳನ್ನು ಮುಟ್ಟಕೂಡದು. ಉಚ್ಚಾರಕ್ಕೂ ಅವರು ಕಾದಂಬರಿಯ ಪರಿಶಿಷ್ಟದಲ್ಲಿಯೇ ನಿಯಮಗಳನ್ನು ಕೊಟ್ಟಿರುವರು. ಇಂಗ್ಲಿಷಿನ ಸೀ ಅಕ್ಷರವನ್ನು ಆ ಹೆಸರುಗಳಲ್ಲಿ ಎಲ್ಲೆಲ್ಲಿಯೂ ಕಕಾರವಾಗಿಯೇ ಓದಬೇಕೆಂಬುದು ಅವುಗಳಲ್ಲೊಂದು. ಆದುದರಿಂದ ಅಲ್ಲಿಯ ಒಡೆಯನೊಬ್ಬನು ‘ಸೆಲೆಬಾರ್ನ್’ ಅಲ್ಲ, ‘ಕೆಲೆಬೋರ್ನ್’. ಇಂಗ್ಲಿಷು ಓದುಗನು ನಿಯಮವನ್ನು ನೆನಪಿನಲ್ಲಿಡಬೇಕು. ಕನ್ನಡ ಲಿಪಿಯಲ್ಲಿಯಾದರೋ ಒಮ್ಮೆ ಸರಿಯಾಗಿ ಬರೆದರೆ ತಪ್ಪಾಗಿ ಓದುವುದೇ ಅಸಾಧ್ಯ. ನಮ್ಮ ಲಿಪಿಯ ಈ ಅನುಕೂಲವನ್ನು ನಾವು ಬಳಸಿಕೊಳ್ಳುವುದು ಕಡಿಮೆ.

೭

ವಿಜಯಪುರದ ಡಾ. ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರವು ಎಂ. ಎಂ. ಕಲಬುರ್ಗಿಯವರ ಮುಂದಾಳುತನದಲ್ಲಿ ಆದಿಲಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಕಲಬುರ್ಗಿಯವರು ೨೦೧೫ರ ಆಗಸ್ಟ್ ೩೦ರಂದು ಹತರಾದರು. ಅವರು ತೋರಿದ ದಾರಿಯು ಮುಚ್ಚಿಹೋಗಲಿಲ್ಲ. ಚರಿತ್ರೆಯ ಗ್ರಂಥಗಳನ್ನು ಅನುವಾದಿಸುವಾಗ ಹೆಸರುಗಳ ಶುದ್ಧಿಗೆ ನಾಣ್ಯ ಶಾಸನಗಳು ಸಹಾಯಮಾಡುವುವು. ಕಥಾಕಾವ್ಯಗಳ ವಿಷಯದಲ್ಲಿ ಆ ಸಹಾಯವಿಲ್ಲದಿರುವುದರಿಂದ, ಇದುವರೆಗಿನ ವಿಚಾರದಿಂದ ಹೊರಡುವ ಮೂರು ಮಾತುಗಳನ್ನು ವಾಚಕರ ಮುಂದಿಡುವೆನು.

ಮೊದಲನೆಯದು: ಮೂಲಕವಿಯ ಛಂದಸ್ಸು ಸಾಕ್ಷಿ ನುಡಿಯುವ ಉಚ್ಚಾರವನ್ನೇ ಕನ್ನಡದಲ್ಲಿ ಬರೆಯತಕ್ಕದ್ದು. ನುಸ್ರತಿಯ ನಾಯಿಕೆಯು ಮದ್‌ಮಾಲತಿಯಾಗಿಯೇ ಇರಲಿ. ಬಿಕ್ರಮನು ಬಿಕ್ರಮನಾಗಿಯೇ ಇರಲಿ. ಯಕ್ಷನನ್ನು ಜಕ್ಕನೆಂದು ಒಪ್ಪಿಕೊಂಡ ಭಾಷೆಯು ದಖನಿಗೆ ತನ್ನ ತದ್ಭವಗಳನ್ನು ಇಟ್ಟುಕೊಳ್ಳುವ ಹಕ್ಕಿಲ್ಲವೆಂದು ಹೇಳಲಾಗದು.

ಎರಡನೆಯದು: ಹೆಸರು ಮೊದಲನೆಯ ಸಲ ಬಂದಾಗ ಅದರ ಅರ್ಥವನ್ನು ಕಥನದಲ್ಲಿಯೇ ಹೊಂದಿಸಿ ಹೇಳತಕ್ಕದ್ದು, ಹಾಗೆ ಹೇಳುವಾಗ ಸಂಸ್ಕೃತಮೂಲದ ಹೆಸರಿಗೂ ಫಾರಸಿಮೂಲದ ಹೆಸರಿಗೂ ಒಂದೇ ಮರ್ಯಾದೆಯನ್ನು ಸಲ್ಲಿಸತಕ್ಕದ್ದು. ಚಂದ್ರನ ಮೊಗದವಳಾದ ಚಂದರ್ ಬದನಳೆಂದು ಬರೆದವನು, ಚಂದ್ರನ ಗೆಳೆಯನಾದ ಮಹಯಾರನೆಂದೂ ಬರೆಯಲೇಬೇಕು. ಆಗ ಓದುಗನಿಗೆ ತಾನಾಗಿಯೇ ಇಬ್ಬರ ಸಂಬಂಧವು ಹೊಳೆಯುವುದು. ಬೇರೆ ವ್ಯಾಖ್ಯಾನವು ಬೇಡ.

ಮೂರನೆಯದು: ಹೆಸರನ್ನು ಬದಲಿಸುವುದಾದರೆ ಕಿಂದರಿಜೋಗಿಯಂತೆ ಎಲ್ಲವನ್ನೂ ಬದಲಿಸಿ ಕಥೆಯನ್ನು ಕನ್ನಡದ ನೆಲದಲ್ಲಿ ಮರಳಿ ನೆಡಬೇಕು. ಕೆಲವನ್ನು ಬದಲಿಸಿ ಕೆಲವನ್ನು ಬಿಡುವುದು ಕಥೆಯ ಸಮಾಜವನ್ನೇ ಒಡೆಯುವುದಾಗಿರುವುದು.

ಇವುಗಳ ಜೊತೆಗೆ, ನುಜೂಮ್ ಉಲ್ ಉಲೂಮನ್ನು ಓದುತ್ತಿದ್ದವನಿಗೆ ಬೇಕಾಗಿದ್ದ ಸಹಾಯವೇ ನಮಗೂ ಬೇಕು. ಅದು ಬಾಯಿಯ ಸಹಾಯ. ದಖನಿಯನ್ನು ಮನೆಮಾತಾಗಿ ಉಳ್ಳ ನೆರೆಯವರು ವಿಜಯಪುರದ ಓಣಿಓಣಿಗಳಲ್ಲಿರುವರು; ಸುತ್ತಲಿನ ಹಳ್ಳಿಗಳಲ್ಲಿಯೂ ಇರುವರು. ಕನ್ನಡದ ಕರಡುಪ್ರತಿಯು ಮುದ್ರಣಾಲಯಕ್ಕೆ ಹೋಗುವ ಮುಂಚೆ ಅಂಥ ಹಿರಿಯರೊಬ್ಬರ ಮುಂದೆ ಹೆಸರುಗಳನ್ನು ಗಟ್ಟಿಯಾಗಿ ಓದಿ, ಅವರ ಕಿವಿಗೆ ಒಪ್ಪುವುದೋ ಇಲ್ಲವೋ ಎಂದು ಕೇಳುವುದು ಅನುವಾದದ ಕೊನೆಯ ಪರೀಕ್ಷೆಯಾಗಲಿ. ಮನೆಯ ಹಿರಿಯರು ಕೂಡ ಮಕ್ಕಳಿಗೆ ಈ ಕಥೆಗಳನ್ನು ಹೇಳುವಾಗ ಹೆಸರುಗಳನ್ನು ನಾಲ್ಕು ಸಲ ಹೇಳಿಸಿ, ಅದರೊಳಗೇನಿದೆಯೆಂದು ಕೇಳಿ ನೋಡಬಹುದು. ಮದ್‌ಮಾಲತಿಯನ್ನೂ ಮಹಯಾರನನ್ನೂ ಹೀಗೆ ಬಾಯಿಪಾಠ ಮಾಡಿಕೊಂಡ ಮಗುವು ಮುಂದೆ ಇಂಗ್ಲಿಷಿನದಾಗಲಿ ಬೇರೆ ಯಾವ ಭಾಷೆಯದಾಗಲಿ ಅದ್ಭುತಕಥೆಯನ್ನು ಓದುವಾಗ, ಹೆಸರು ಯಾವ ನಾಡಿನದು, ಅದರ ಅರ್ಥವೇನು, ಅದನ್ನಾಡುವವರು ಹೇಗೆ ಆಡುವರು ಎಂದು ವಿಚಾರಿಸದೆ ಮುಂದಿನ ಪುಟಕ್ಕೆ ಹೋಗಲಾರದು.